ಫ್ರೆಂಚ್ ಕಂಚು: ಅಚ್ಚು ಒಂದು, ‘ಅಸಲಿ’ ಎಷ್ಟು?

ಹಳೇ ಫ್ರೆಂಚ್ ಕಂಚಿನ ಶಿಲ್ಪ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಇದು ಅಸಲಿನಾ?’ ಅಂತ. ಪೇಂಟಿಂಗ್ ಆದರೆ ಈ ಪ್ರಶ್ನೆಗೆ ಅರ್ಥವಿದೆ. ಅಲ್ಲೂ ಗೋಜಲಿಲ್ಲ ಅಂತಲ್ಲ. ಫ್ರೆಂಚ್ ಚಿತ್ರಕಾರ ಕೊರೊ ಬರೆದದ್ದು ಮೂರು ಸಾವಿರ ಚಿತ್ರ, ಅದರಲ್ಲಿ ಹತ್ತು ಸಾವಿರ ಅಮೆರಿಕದಲ್ಲಿವೆ ಅನ್ನುವುದು ಹಳೇ ಜೋಕು. ಆದರೂ ಕೊನೆಗೆ ಅಸಲಿ ಕ್ಯಾನ್ವಾಸ್ ಒಂದೇ ಇರುತ್ತದೆ. ಕಂಚಿನಲ್ಲಿ ಹಾಗಲ್ಲ.

ನಮ್ಮ ಕಡೆ ಮೇಣ ಕರಗಿಸಿ ಎರಕ ಹೊಯ್ಯುವ ಪದ್ಧತಿಯಲ್ಲಿ ಮೇಣದ ಮೂರ್ತಿ ಕರಗಿ ಹೋಗುತ್ತದೆ, ಮಣ್ಣಿನ ಅಚ್ಚನ್ನು ಒಡೆದೇ ವಿಗ್ರಹ ತೆಗೆಯಬೇಕು, ಹಾಗಾಗಿ ಒಂದು ಮೇಣಕ್ಕೆ ಒಂದೇ ವಿಗ್ರಹ. 12ನೇ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲೇ ಇದರ ವಿವರ ಇದೆ. 19ನೇ ಶತಮಾನದ ಪ್ಯಾರಿಸ್‌ನಲ್ಲಿ ಲೆಕ್ಕವೇ ಬೇರೆ. ಅಲ್ಲಿ ಒಂದು ಮಾದರಿಯನ್ನು ಜೋಪಾನವಾಗಿ ಇಟ್ಟುಕೊಂಡು, ಅದನ್ನು ಮರಳಿಗೆ ಒತ್ತಿ ಅಚ್ಚು ತೆಗೆದು, ಬೇಕಾದಷ್ಟು ಸಲ ಎರಕ ಹೊಯ್ಯುತ್ತಿದ್ದರು. 1830ರ ದಶಕದಲ್ಲಿ ಅಶಿಲ್ ಕೊಲಾ ಎಂಬಾತ ಶಿಲ್ಪವನ್ನು ಅಳತೆ ತಪ್ಪದೆ ಚಿಕ್ಕದು ಮಾಡುವ ಯಂತ್ರ ತಂದ. ಫರ್ಡಿನಾಂಡ್ ಬಾರ್ಬೆದಿಯೆನ್ ಅವನ ಜೊತೆ ಸೇರಿ ಕಂಪನಿ ತೆರೆದ. ಪ್ರಾಚೀನ ಗ್ರೀಕ್ ಶಿಲ್ಪ ವೀನಸ್ ದ ಮಿಲೊ ಮಧ್ಯಮ ವರ್ಗದವರ ಮೇಜಿನ ಮೇಲೆ ಬಂದು ಕೂತಿದ್ದು ಹೀಗೆ.

ಗೊಂದಲ ಎಲ್ಲಿಂದ ಶುರುವಾಯ್ತು ಅನ್ನುವುದಕ್ಕೆ ಶಿಲ್ಪಿ ಆಂಟ್ವಾನ್-ಲೂಯಿ ಬಾರಿಯ ಕಥೆ ಸಾಕು. ಹುಲಿ, ಸಿಂಹ, ಜಿಂಕೆಗಳನ್ನು ಇವನಷ್ಟು ಚೆನ್ನಾಗಿ ಮಾಡಿದವರು ಕಡಿಮೆ. ಪ್ಯಾರಿಸ್‌ನ ಪ್ರಾಣಿ ಸಂಗ್ರಹಾಲಯದಲ್ಲಿ ಕೂತು ಪ್ರಾಣಿಗಳ ಸ್ನಾಯು, ಮೂಳೆ ನೋಡಿ ಕಲಿತವನು. ತನ್ನ ಕಂಚನ್ನು ತಾನೇ ನಿಂತು ಎರಕ ಹೊಯ್ಸುತ್ತಿದ್ದ, ಬಣ್ಣವನ್ನೂ ತಾನೇ ನೋಡಿಕೊಳ್ಳುತ್ತಿದ್ದ. ಅವನ ಕೆಲಸದ ಆ ಹಸಿರು ಛಾಯೆಯನ್ನು ಸಂಗ್ರಾಹಕರು ಇವತ್ತಿಗೂ ಹುಡುಕುತ್ತಾರೆ. ಕೈ ಚೆನ್ನಾಗಿತ್ತು, ವ್ಯಾಪಾರ ಬರಲಿಲ್ಲ. 1848ರಲ್ಲಿ ದಿವಾಳಿಯಾದ. ಮಾದರಿಗಳು ಪಾಲುದಾರನ ಕೈಸೇರಿದವು. ಮುಂದೆ ಸುಮಾರು ವರ್ಷ ಬಾರಿಯ ಹೆಸರಿನ ಕಂಚುಗಳು ಬಾರಿಯ ಮೇಲ್ವಿಚಾರಣೆ ಇಲ್ಲದೆಯೇ ಹೊರಬಂದವು. 1875ರಲ್ಲಿ ಅವನು ತೀರಿಕೊಂಡ. ಮರುವರ್ಷದ ಹರಾಜಿನಲ್ಲಿ ಬಾರ್ಬೆದಿಯೆನ್ ಹೆಚ್ಚಿನ ಮಾದರಿಗಳನ್ನು ಕೊಂಡು ಮತ್ತೆ ಎರಕ ಶುರು ಮಾಡಿದ. ಒಂದೇ ಸಿಂಹ, ಒಂದೇ ಸಹಿ, ಆದರೆ ಮೂರು ಕಾಲ. ಬಾರ್ಬೆದಿಯೆನ್ ಕಂಚಿನ ಬುಡದಲ್ಲಿ ಕಾರ್ಖಾನೆಯ ಹೆಸರಾದರೂ ಇರುತ್ತದೆ, ಕೆಲಸವೂ ಅಚ್ಚುಕಟ್ಟು. ಸುಳ್ಳು ಯಾವುದೂ ಅಲ್ಲ. ಆದರೆ ಮೂರನ್ನೂ ಒಂದೇ ಉಸಿರಿನಲ್ಲಿ ‘ಬಾರಿ’ ಅಂದರೆ ಪೂರ್ತಿ ಸತ್ಯವೂ ಅಲ್ವಲ್ಲ.

ಶಿಲ್ಪಿ ರೋಡಾಂ ಕಾಲಕ್ಕೆ ಇದು ಇನ್ನೂ ಜಾಸ್ತಿಯಾಯ್ತು. 1898ರ ಒಪ್ಪಂದದಂತೆ ಬಾರ್ಬೆದಿಯೆನ್ ಕಂಪನಿ ಅವನ ‘ಚುಂಬನ’ ಶಿಲ್ಪದ ಚಿಕ್ಕ ಕಂಚುಗಳನ್ನು ನಾಲ್ಕು ಅಳತೆಯಲ್ಲಿ ನೂರಾರು ಮಾರಿತು. 1916ರಲ್ಲಿ ರೋಡಾಂ ತನ್ನ ಕೃತಿಗಳನ್ನೂ ಎರಕದ ಹಕ್ಕನ್ನೂ ಫ್ರಾನ್ಸ್ ಸರ್ಕಾರಕ್ಕೆ ಬರೆದುಕೊಟ್ಟ. ‘ನರಕದ ದ್ವಾರ’ ಎಂಬ ಬೃಹತ್ ಶಿಲ್ಪಕ್ಕಾಗಿ 1880ರಿಂದ ದುಡಿದರೂ ಅದನ್ನು ಕಂಚಿನಲ್ಲಿ ಅವನು ನೋಡಲೇ ಇಲ್ಲ. ಇವತ್ತು ನಾವು ನೋಡುವ ಕಂಚಿನ ದ್ವಾರಗಳೆಲ್ಲ ಅವನು ಸತ್ತ ಮೇಲಿನವು. ಹಾಗೇ ಹೊಸದಾಗಿ ಹೊಯ್ದ ಒಂದನ್ನು 1981ರಲ್ಲಿ ವಾಷಿಂಗ್ಟನ್‌ನಲ್ಲಿ ಪ್ರದರ್ಶನಕ್ಕಿಟ್ಟಾಗ ವಿಮರ್ಶಕರ ನಡುವೆ ದೊಡ್ಡ ಜಗಳವೇ ಆಯ್ತು. ಚಿತ್ರಕಾರ ದೆಗಾದು ಇನ್ನೂ ವಿಚಿತ್ರ. ಬದುಕಿದ್ದಾಗ ಪ್ರದರ್ಶಿಸಿದ್ದು ಒಂದೇ ಶಿಲ್ಪ, ಅದೂ ಮೇಣದ್ದು. 1917ರಲ್ಲಿ ತೀರಿಕೊಂಡ ಮೇಲೆ ಸ್ಟುಡಿಯೋದಲ್ಲಿ ಸಿಕ್ಕ ಮೇಣ, ಮಣ್ಣಿನ ಬೊಂಬೆಗಳಿಂದ ಕಂಚು ಮಾಡಿಸಿದವರು ವಾರಸುದಾರರು.

ಫ್ರಾನ್ಸ್‌ನಲ್ಲಿ ಇದಕ್ಕೆ ಕಾನೂನು ಬಂದಿದ್ದು ತಡವಾಗಿ, ಅದೂ ತೆರಿಗೆಯ ಬಾಗಿಲಿನಿಂದ. ಒಂದು ಕೃತಿಗೆ ಎಂಟು ನಂಬರಿನ ಪ್ರತಿ, ನಾಲ್ಕು ಕಲಾವಿದನ ಪ್ರತಿ, ಒಟ್ಟು ಹನ್ನೆರಡು. ಅಷ್ಟು ‘ಮೂಲ’. ಕಲಾವಿದ ಬದುಕಿರಲೇಬೇಕು ಅಂತಿಲ್ಲ, ಹಕ್ಕುದಾರರು ಹೊಯ್ಸಿದರೂ ನಡೆಯುತ್ತದೆ. 1981ರ ಆದೇಶದ ಪ್ರಕಾರ ಮಿಕ್ಕ ನಕಲುಗಳ ಮೇಲೆ ‘ರಿಪ್ರೊಡಕ್ಷನ್’ ಅಂತ ಅಳಿಸದ ಹಾಗೆ ಕೆತ್ತಬೇಕು. ಮಿತಿ ಹಾಕಿದ್ದು ಒಳ್ಳೆಯದೇ. ಆದರೆ ಸತ್ತು ಅರವತ್ತು ವರ್ಷವಾದವನ ‘ಮೂಲ’ ಅನ್ನುವ ಮಾತು ನನ್ನ ಗಂಟಲಲ್ಲಿ ಸಲೀಸಾಗಿ ಇಳಿಯುವುದಿಲ್ಲ. ಮೇಲಾಗಿ ಅರಗು, ಉಳಿ ಎರಡೂ ಸಿಗುವ ಜಾಗದಲ್ಲಿ ಒಂದು ಪದವನ್ನು ಮುಚ್ಚುವುದು ಎಷ್ಟು ಹೊತ್ತಿನ ಕೆಲಸ?

ಹಾಗಾಗಿ ಕೊಳ್ಳುವವರು ಸಹಿಗಿಂತ ಬುಡ ನೋಡುತ್ತಾರೆ. ಒಳಗಡೆ ಮೆಲ್ಲಗೆ ಗೀರಿದರೆ ಕಂಚು ಹಳದಿ ಹೊಳೆಯುತ್ತದೆ. ಬೆಳ್ಳಗೆ ಕಂಡರೆ ಅದು ಸತು ಬೆರೆತ ಅಗ್ಗದ ಲೋಹ, ಫ್ರೆಂಚರ ಬಾಯಲ್ಲಿ ರೇಗ್ಯೂಲ್. ಇನ್ನೊಂದು ಪರೀಕ್ಷೆಗೆ ಟೇಪು ಸಾಕು. ಆರುವಾಗ ಕಂಚು ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ಕಂಚಿನಿಂದಲೇ ಅಚ್ಚು ತೆಗೆದು ಮಾಡಿದ ನಕಲು ಮೊದಲಿನದಕ್ಕಿಂತ ನೂರಕ್ಕೆ ಒಂದೆರಡು ಪಾಲು ಚಿಕ್ಕದಾಗುತ್ತದೆ. ಮ್ಯೂಸಿಯಂ ಪಟ್ಟಿಯಲ್ಲಿ ಸಿಂಹ 30 ಸೆಂಟಿಮೀಟರ್, ಕೈಯಲ್ಲಿರುವುದು ಇಪ್ಪತ್ತೊಂಬತ್ತೂವರೆ ಅಂದರೆ ಸುಮ್ನೆ ಬೆಲೆ ಮಾತಾಡುವ ಮೊದಲು ಟೇಪನ್ನು ಇನ್ನೊಂದು ಸಲ ಹಿಡಿಯಿರಿ.