ಪದಕ ವಾಪಸ್ ಕೊಟ್ಟವರ ಪಿಂಚಣಿ ಲೆಕ್ಕ

2022ಕ್ಕೂ ಮೊದಲು ಸಿಪಾಯಿಯಾಗಿ ಸೇನೆ ಸೇರಿದ ಹುಡುಗನಿಗೆ ಆಗ ಹದಿನೆಂಟೋ ಹತ್ತೊಂಬತ್ತೋ ವಯಸ್ಸು. ನಲವತ್ತು ತುಂಬುವ ಮೊದಲೇ ಹೆಚ್ಚಿನವರು ನಿವೃತ್ತರಾಗುತ್ತಾರೆ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ಮನೆ ಕಟ್ಟಿರುವುದಿಲ್ಲ. ಸರ್ಕಾರಿ ಕಚೇರಿಗೆ ಸೇರಿದ ಅವನ ಓರಗೆಯವನಿಗೆ 60ರವರೆಗೂ ಸಂಬಳ ಬರುತ್ತದೆ. ಸೈನಿಕ ಬೇಗ ಮನೆಗೆ ಬರುವುದು ಅವನ ಆಸೆಯಿಂದಲ್ಲ, ಸೇನೆಗೆ ಎಳೆ ವಯಸ್ಸಿನವರೇ ಬೇಕು ಅನ್ನುವ ಕಾರಣಕ್ಕೆ. ಹಾಗಾಗಿ ಅವನಿಗೆ ಪಿಂಚಣಿ ಅಂದರೆ ಅರ್ಧ ಆಯುಸ್ಸಿನ ಅನ್ನ.

‘ಒನ್ ರ‍್ಯಾಂಕ್ ಒನ್ ಪೆನ್ಷನ್’ ಬೇಡಿಕೆ ಹುಟ್ಟಿದ್ದು ಇಲ್ಲಿಂದ. ಒಂದೇ ಶ್ರೇಣಿಯಲ್ಲಿ ಒಂದೇ ಅವಧಿ ಸೇವೆ ಮಾಡಿದ ಇಬ್ಬರಿಗೆ, ಯಾವ ವರ್ಷ ನಿವೃತ್ತರಾಗಿದ್ದರೂ ಪಿಂಚಣಿ ಒಂದೇ ಇರಬೇಕು, ಅಷ್ಟೇ. ಕೊಡಗು, ಬೆಳಗಾವಿ ಕಡೆಯ ಮಾಜಿ ಸೈನಿಕರ ಮನೆಗಳಲ್ಲಿ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

1973ರಲ್ಲಿ ಮೂರನೇ ವೇತನ ಆಯೋಗದ ವರದಿ ಬಂದಾಗಲೇ ತಮಗೆ ಅನ್ಯಾಯ ಶುರುವಾಯಿತು ಅನ್ನುವುದು ಮಾಜಿ ಸೈನಿಕರ ವಾದ. ಅದಕ್ಕೂ ಮೊದಲು ಸೈನಿಕರ ಪಿಂಚಣಿ ಸಂಬಳದ ಶೇ 70ರಷ್ಟಿತ್ತು, ಆಮೇಲೆ ಶೇ 50ಕ್ಕೆ ಇಳಿಯಿತು ಎಂದು ಅವರು ಹೇಳುತ್ತಾರೆ. ಅಲ್ಲಿಂದಾಚೆ ಪ್ರತಿ ವೇತನ ಆಯೋಗ ಬಂದಾಗಲೂ ಹೊಸದಾಗಿ ನಿವೃತ್ತರಾದವರಿಗೆ ಜಾಸ್ತಿ, ಹಳಬರಿಗೆ ಕಡಿಮೆ.

ಇದು ಎಲ್ಲಿಗೆ ಹೋಗಿ ಮುಟ್ಟಿತು ನೋಡಿ. ಮೇಜರ್ ಜನರಲ್ ಹುದ್ದೆ ಬ್ರಿಗೇಡಿಯರ್‌ಗಿಂತ ಮೇಲಿನದು. ಆದರೆ 1996ಕ್ಕೂ ಮೊದಲು ನಿವೃತ್ತರಾದ ಮೇಜರ್ ಜನರಲ್‌ಗಳ ಪಿಂಚಣಿ, ಆಮೇಲೆ ನಿವೃತ್ತರಾದ ಬ್ರಿಗೇಡಿಯರ್‌ಗಳ ಪಿಂಚಣಿಗಿಂತ ಕೆಳಗೆ ಬಿತ್ತು. ಅವರು ಸುಪ್ರೀಂ ಕೋರ್ಟ್‌ವರೆಗೆ ಹೋದರು. 2008ರಲ್ಲಿ ತೀರ್ಪು ಅವರ ಪರ ಬಂತು. ಜನರಲ್‌ಗಳೇ ಕೋರ್ಟು ಹತ್ತಬೇಕಾಯಿತು ಅಂದಮೇಲೆ ಹವಾಲ್ದಾರರ ಪಾಡು ಕೇಳಬೇಕೇ?

ಆ ವರ್ಷವೇ ಆರನೇ ವೇತನ ಆಯೋಗದ ಶಿಫಾರಸುಗಳು ಜಾರಿಗೆ ಬಂದು ಸಿಟ್ಟು ಬೀದಿಗೆ ಬಂತು. 2009ರಲ್ಲಿ ಮಾಜಿ ಸೈನಿಕರು ಸಾವಿರಗಟ್ಟಲೆ ಪದಕಗಳನ್ನು ರಾಷ್ಟ್ರಪತಿಗೆ ವಾಪಸ್ ಕೊಡಲು ದೆಹಲಿಗೆ ಹೋದರು. ಜೀವ ಒತ್ತೆ ಇಟ್ಟು ಗಳಿಸಿದ್ದನ್ನು ಹಿಂದಿರುಗಿಸುವುದು ಸುಮ್ನೆ ಮಾತಲ್ಲ. 2011ರಲ್ಲಿ ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಯ ರಾಜ್ಯಸಭಾ ಸಮಿತಿ ಇವರ ಬೇಡಿಕೆ ನ್ಯಾಯವಾದದ್ದು ಎಂದಿತು. ಮುಂದೆ ಪಿಂಚಣಿ ಏರಿದಾಗಲೆಲ್ಲ ಹಳಬರಿಗೂ ತಾನಾಗಿಯೇ ಏರಬೇಕು ಎಂದೂ ಹೇಳಿತು.

ಆಮೇಲೆ ಚುನಾವಣೆ ಬಂತು. 2013ರ ಸೆಪ್ಟೆಂಬರ್‌ನಲ್ಲಿ ಹರಿಯಾಣದ ರೇವಾರಿಯಲ್ಲಿ ನರೇಂದ್ರ ಮೋದಿ ಮಾಜಿ ಸೈನಿಕರ ಸಭೆಯಲ್ಲಿ ಈ ವಿಷಯ ಎತ್ತಿದರು. 2014ರ ಫೆಬ್ರುವರಿಯಲ್ಲಿ ಪಿ. ಚಿದಂಬರಂ ಮಧ್ಯಂತರ ಬಜೆಟ್‌ನಲ್ಲಿ ಇದಕ್ಕೆ ಒಪ್ಪಿ 500 ಕೋಟಿ ಇಟ್ಟರು. ಜುಲೈನಲ್ಲಿ ಅರುಣ್ ಜೇಟ್ಲಿ 1,000 ಕೋಟಿ ಇಟ್ಟರು. ಕಾಂಗ್ರೆಸ್, ಬಿಜೆಪಿ ಎರಡೂ ಪಕ್ಷ ಒಪ್ಪಿದ ಮೇಲೂ ಆದೇಶ ಮಾತ್ರ ಬರಲಿಲ್ಲ.

2015ರ ಜೂನ್‌ನಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಸರದಿ ಉಪವಾಸ ಶುರುವಾಯಿತು. ಸ್ವಾತಂತ್ರ್ಯ ದಿನದ ಹಿಂದಿನ ದಿನ, ಆಗಸ್ಟ್ 14ರಂದು, ಭದ್ರತೆಯ ನೆಪ ಹೇಳಿ ಪೊಲೀಸರು ಅವರನ್ನು ಎಬ್ಬಿಸಲು ಹೋದರು. ಎದೆಯ ಮೇಲೆ ಪದಕ ತೊಟ್ಟ ಮುದುಕರನ್ನು ಎಳೆದಾಡಿದ ದೃಶ್ಯವನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. 1965ರ ಯುದ್ಧಕ್ಕೆ ಐವತ್ತು ತುಂಬಿದ ವರ್ಷ ಅದು! ಕೆಲವರು ಆಮರಣಾಂತ ಉಪವಾಸಕ್ಕೆ ಕೂತರು.

ಸೆಪ್ಟೆಂಬರ್ 5ರಂದು ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ಯೋಜನೆ ಪ್ರಕಟಿಸಿದರು. 2014ರ ಜುಲೈ 1ರಿಂದ ಜಾರಿ. 2013ರಲ್ಲಿ ನಿವೃತ್ತರಾದವರ ಕನಿಷ್ಠ, ಗರಿಷ್ಠ ಪಿಂಚಣಿಯ ಸರಾಸರಿಯೇ ಆಧಾರ. ಐದು ವರ್ಷಕ್ಕೊಮ್ಮೆ ಪರಿಷ್ಕರಣೆ. ತಕರಾರು ಉಳಿದದ್ದು ಈ ಕೊನೆಯ ಮಾತಿನಲ್ಲಿ. ನಡುವಿನ ಐದು ವರ್ಷದಲ್ಲಿ ನಿವೃತ್ತರಾಗುವವರ ಪಿಂಚಣಿ ಏರುತ್ತಾ ಹೋದರೆ ಹಳಬರು ಮತ್ತೆ ಹಿಂದೆ ಬೀಳುತ್ತಾರೆ, ಅಲ್ವಾ? ಪ್ರತಿ ವರ್ಷ ಸರಿದೂಗಿಸಿ ಎಂದು ಧರಣಿ ಮುಂದುವರಿಯಿತು. 2017ರ ಅಕ್ಟೋಬರ್‌ನಲ್ಲಿ ಪರಿಸರ ವ್ಯಾಜ್ಯಗಳನ್ನು ನೋಡುವ ಹಸಿರು ನ್ಯಾಯಮಂಡಳಿಯ ಆದೇಶದ ಮೇಲೆ ಅವರನ್ನು ಅಲ್ಲಿಂದ ತೆರವು ಮಾಡಲಾಯಿತು.

2022ರ ಮಾರ್ಚ್ 16ರಂದು ಸುಪ್ರೀಂ ಕೋರ್ಟ್ ಸರ್ಕಾರದ ಸೂತ್ರವನ್ನೇ ಎತ್ತಿಹಿಡಿಯಿತು. ಆದರೆ 2019ರಲ್ಲಿ ಆಗಬೇಕಿದ್ದ ಪರಿಷ್ಕರಣೆ ಆಗಿರಲಿಲ್ಲ. ಅದನ್ನು ಮೂರು ತಿಂಗಳಲ್ಲಿ ಮುಗಿಸಿ ಬಾಕಿ ಕೊಡಿ ಎಂದಿತು. ಸಚಿವ ಸಂಪುಟ ಒಪ್ಪಿದ್ದು ಡಿಸೆಂಬರ್‌ನಲ್ಲಿ. ಫಲಾನುಭವಿಗಳು 25 ಲಕ್ಷಕ್ಕೂ ಹೆಚ್ಚು, ಬಾಕಿ ಸುಮಾರು 23,600 ಕೋಟಿ ರೂಪಾಯಿ. ನಾಲ್ಕು ಕಂತಿನಲ್ಲಿ ಕೊಡುತ್ತೇವೆ ಎಂದು ಸಚಿವಾಲಯ ತಾನಾಗಿಯೇ ಪತ್ರ ಹೊರಡಿಸಿದಾಗ ಕೋರ್ಟ್ ಸಿಟ್ಟಾಯಿತು. 2023ರ ಮಾರ್ಚ್‌ನಲ್ಲಿ ಕೋರ್ಟೇ ಗಡುವು ಹಾಕಿತು: ಕುಟುಂಬ ಪಿಂಚಣಿದಾರರಿಗೆ, ಶೌರ್ಯ ಪ್ರಶಸ್ತಿ ಪಡೆದವರಿಗೆ ಏಪ್ರಿಲ್ 30ರೊಳಗೆ, 70 ದಾಟಿದವರಿಗೆ ಜೂನ್ 30ರೊಳಗೆ, ಉಳಿದವರಿಗೆ ಕಂತುಗಳಲ್ಲಿ 2024ರ ಫೆಬ್ರುವರಿ ಕೊನೆಯೊಳಗೆ.

ಕಾನೂನಿನ ಪ್ರಕಾರ ಸರ್ಕಾರ ಗೆದ್ದಿತು. ಆದರೆ ಐದು ವರ್ಷಕ್ಕೊಮ್ಮೆ ಅಂತ ತಾನೇ ಹಾಕಿಕೊಂಡ ನಿಯಮವನ್ನೂ ಮೊದಲ ಸಲವೇ ಪಾಲಿಸಲಿಲ್ಲ ಅನ್ನುವುದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವ ಸಂಗತಿ. 2024ರ ಜುಲೈನ ನಂತರದ ಪರಿಷ್ಕರಣೆ ಬರಬೇಕಾದ್ದು 2029ರಲ್ಲಿ. ಪ್ರತಿ ವರ್ಷ ಸರಿದೂಗಿಸಿ ಎಂಬ ಬೇಡಿಕೆ ಇನ್ನೂ ಹಾಗೇ ಇದೆ.