ಬಟ್ಟೆ ಹೊದಿಸಿದ ವಿಮಾನಕ್ಕೆ ಕಾರಿನ ಪೇಂಟ್ ಹೊಡೆಯಬಹುದೇ?

ಪ್ರಶ್ನೆ: ಶೆಡ್ಡಿನಲ್ಲಿ ಎರಡು ಆಸನಗಳ ಪುಟ್ಟ ವಿಮಾನವೊಂದನ್ನು ಕಟ್ಟುತ್ತಿದ್ದೇನೆ. ರೆಕ್ಕೆಗಳಿಗೆ ಪಾಲಿಯೆಸ್ಟರ್ ಬಟ್ಟೆ ಹೊದಿಸಿ, ಇಸ್ತ್ರಿ ಪೆಟ್ಟಿಗೆಯಿಂದ ಬಿಗಿ ಮಾಡಿಯಾಗಿದೆ. ವಿಮಾನದ ಪೇಂಟನ್ನು ಹೊರದೇಶದಿಂದ ತರಿಸಬೇಕು. ಅದು ದುಬಾರಿ, ಬರುವುದೂ ತಡ. ಜೆ.ಸಿ. ರಸ್ತೆಯ ಕಡೆ ಒಳ್ಳೆಯ ಕಾರಿನ ಪೇಂಟ್ ಸಿಗುತ್ತದೆ, ಚೆನ್ನಾಗಿ ಹೊಡೆಯುವವರೂ ಸಿಗುತ್ತಾರೆ. ಅದನ್ನೇ ಬಳಸಿದರೆ ಆಗದೇ?

ಉತ್ತರ: ಬೆಂಗಳೂರಿನಲ್ಲಿ ವಿಮಾನ ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಈ ಹಂತಕ್ಕೆ ಬಂದಾಗ ಇದನ್ನೇ ಕೇಳುತ್ತಾರೆ. ಎಲ್ಲಕ್ಕಿಂತ ಮೇಲಿನ ಬಣ್ಣದ ಪದರಕ್ಕೆ, ಕಟ್ಟುನಿಟ್ಟಾದ ಕೆಲವು ಷರತ್ತುಗಳೊಂದಿಗೆ, ಕಾರಿನ ಪೇಂಟನ್ನು ಬಳಸಬಹುದು. ಅದರ ಕೆಳಗಿನ ಯಾವ ಪದರಕ್ಕೂ ಬಳಸಬಾರದು. ಮೊದಲ ವಿಮಾನವನ್ನು ಕಟ್ಟುತ್ತಿರುವವರಾದರೆ ಮೇಲಿನ ಪದರಕ್ಕೂ ಅದು ಬೇಡ ಎಂಬುದು ನನ್ನ ಸಲಹೆ. ಕಾರಣಗಳನ್ನು ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಕಾರಣ ತಿಳಿಯದೆ ಪಾಲಿಸಿದ ನಿಯಮವನ್ನು ಕೆಲಸದ ನಡುವೆ ಕೈಬಿಡುವುದು ಬಹಳ ಸುಲಭ.

ಕಾರಿನ ತಗಡು ಪೇಂಟ್ ಇಲ್ಲದೆಯೂ ತಗಡೇ. ಪೇಂಟ್ ಅದಕ್ಕೆ ಅಂದ ಕೊಡುತ್ತದೆ, ತುಕ್ಕು ತಡೆಯುತ್ತದೆ, ಅಷ್ಟೆ. ಬಟ್ಟೆಯ ರೆಕ್ಕೆಯ ಮಾತು ಬೇರೆ. ಹೊದಿಸಿದ ಬಟ್ಟೆ ಎಳೆಗಳ ನಡುವಿನ ಸಂದುಗಳಿಂದ ಗಾಳಿಯನ್ನು ಬಿಡುತ್ತದೆ, ನೀರನ್ನು ಬಿಡುತ್ತದೆ, ಬಿಸಿಲಿಗೆ ಸೊರಗುತ್ತದೆ. 1903ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನಕ್ಕೆ ಬಳಿದದ್ದೇನೂ ಇರಲಿಲ್ಲ, ಬರಿಯ ಮಸ್ಲಿನ್ ಬಟ್ಟೆಯಿತ್ತು. ಅದರ ಪೂರ್ಣ ಗಾತ್ರದ ಪ್ರತಿಕೃತಿಯನ್ನು ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಆ ಬಳಿಕ ಬಂದ ಲಿನನ್ ಮತ್ತು ಹತ್ತಿ ಬಟ್ಟೆಗಳಿಗೆ ಡೋಪ್ ಎಂಬ ಸೆಲ್ಯುಲೋಸ್ ದ್ರಾವಣವನ್ನು ಬಳಿಯತೊಡಗಿದರು. ಅದು ಒಣಗುತ್ತ ಬಟ್ಟೆಯನ್ನು ಬಿಗಿಗೊಳಿಸುತ್ತಿತ್ತು, ಸಂದುಗಳನ್ನು ಮುಚ್ಚುತ್ತಿತ್ತು; ಅಂದರೆ ರೆಕ್ಕೆಗೆ ಆಕಾರ ಬರುತ್ತಿದ್ದದ್ದೇ ಆ ಲೇಪದಿಂದ. ನಮ್ಮೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ರೂಪುಗೊಂಡು 1958ರ ಸೆಪ್ಟೆಂಬರ್ 28ರಂದು ಮೊದಲ ಬಾರಿ ಹಾರಿದ, ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಪೈಲಟ್‌ಗಳಿಗೆ ಪಾಠಶಾಲೆಯಾದ ಪುಷ್ಪಕ್ ಕೂಡ ಬಟ್ಟೆ ಹೊದ್ದ ವಿಮಾನವೇ.

ಪಾಲಿಯೆಸ್ಟರ್ ಬಂದ ಮೇಲೆ ಒಂದು ಸಂಗತಿ ಬದಲಾಯಿತು: ಬಿಗಿ ಮಾಡುವ ಕೆಲಸ ಲೇಪದಿಂದ ಇಸ್ತ್ರಿ ಪೆಟ್ಟಿಗೆಗೆ ಹೋಯಿತು. ಸಾಮಾನ್ಯವಾಗಿ 120 ಡಿಗ್ರಿ ಸೆಲ್ಸಿಯಸ್‌ನಿಂದ ಆರಂಭಿಸಿ, ಹಂತ ಹಂತವಾಗಿ ಏರಿಸಿ, 175ರ ಆಸುಪಾಸಿನಲ್ಲಿ ಕೊನೆಯ ಬಿಗಿ ಕೊಡುತ್ತಾರೆ. ಅದನ್ನು ಮೀರಿ ಕಾಯಿಸಿದರೆ ಬಟ್ಟೆ ಮತ್ತೆ ಸಡಿಲವಾಗುತ್ತದೆ, ಇನ್ನೂ ಮೀರಿದರೆ ಕರಗುತ್ತದೆ. (ಮನೆಯ ಇಸ್ತ್ರಿ ಪೆಟ್ಟಿಗೆಯ ತಿರುಗುಗುಂಡಿಯ ಮೇಲಿನ ಗುರುತುಗಳನ್ನು ನಂಬದೆ, ಥರ್ಮಾಮೀಟರ್ ಇಟ್ಟು ಅಳೆದಿದ್ದೀರೆಂದು ಭಾವಿಸುತ್ತೇನೆ.) ಆದರೆ ಪಾಲಿಯೆಸ್ಟರ್ ಎಳೆ ನುಣುಪು. ಹತ್ತಿಯ ನಾರಿನಂತೆ ಅದು ಲೇಪವನ್ನು ಹೀರಿಕೊಳ್ಳುವುದಿಲ್ಲ, ಅದರ ಮೇಲೆ ಯಾವುದೂ ತಾನಾಗಿ ಅಂಟಿ ನಿಲ್ಲುವುದಿಲ್ಲ. ಆದ್ದರಿಂದ ಮೊದಲ ಕೋಟು ಎಳೆಗಳನ್ನು ಸುತ್ತುವರಿದು, ಸಂದುಗಳಲ್ಲಿ ಇಳಿದು, ಎರಡೂ ಬದಿಯಿಂದ ಹಿಡಿದುಕೊಳ್ಳಬೇಕು. ಅದನ್ನು ತೆಳುವಾಗಿ ಕಲಸಿ ಬ್ರಶ್ಶಿನಿಂದಲೇ ತಿಕ್ಕಿ ಹಚ್ಚಬೇಕೆನ್ನುವುದು ಈ ಕಾರಣಕ್ಕೆ. ಒಳಬದಿಗೆ ಇಳಿಯುವಷ್ಟು ತೆಳುವಾಗಿರಬೇಕು, ಒಳಗೆ ಹನಿಹನಿಯಾಗಿ ಸುರಿಯುವಷ್ಟು ಧಾರಾಳವಾಗಿರಬಾರದು. ಕಾರಿನ ಪ್ರೈಮರನ್ನು ಸ್ಪ್ರೇ ಗನ್ನಿನಿಂದ ಈ ಬಟ್ಟೆಯ ಮೇಲೆ ಹೊಡೆದರೆ ಅದು ಮೇಲ್ಮೈಯಲ್ಲೇ ಕೂರುತ್ತದೆ. ಅದನ್ನು ರೂಪಿಸಿರುವುದೇ ಉಜ್ಜಿ ಒರಟು ಮಾಡಿದ ಗಟ್ಟಿ ತಗಡಿಗಾಗಿ. ನೋಡಲು ಸೊಗಸಾಗಿಯೇ ಇರುತ್ತದೆ, ಆದರೆ ಒಂದು ದಿನ ಅಂಗೈ ಅಗಲದ ಹಾಳೆಯಾಗಿ ಎದ್ದು ಬರುತ್ತದೆ. ಮೊದಲ ಪದರ ಕೈಕೊಟ್ಟರೆ ಅದರ ಮೇಲೆ ಹೊಡೆದದ್ದೆಲ್ಲವೂ ಅದರ ಜತೆಗೇ ಹೋಗುತ್ತದೆ. ಬಟ್ಟೆಯನ್ನೇ ಕಿತ್ತು ಮತ್ತೆ ಹೊದಿಸುವುದನ್ನು ಬಿಟ್ಟರೆ ಅದಕ್ಕೆ ಪರಿಹಾರವಿಲ್ಲ.

ಎರಡನೆಯದು ಸಿಲ್ವರ್ ಕೋಟ್. ಹೊಸಬರಿಗೆ ಇದು ಅನಾವಶ್ಯಕ ಖರ್ಚೆಂದು ಅನ್ನಿಸುವುದು ಸಹಜ, ಏಕೆಂದರೆ ಬಣ್ಣದ ಕೆಳಗೆ ಅಡಗಿಹೋಗುವ ಈ ಬೂದಿಬಿಳಿ ಪದರವನ್ನು ಮುಂದೆ ಯಾರೂ ನೋಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಹೊದಿಕೆಯಲ್ಲಿ ಇದಕ್ಕಿಂತ ಮುಖ್ಯವಾದ ಪದರ ಇನ್ನೊಂದಿಲ್ಲ. ಪಾಲಿಯೆಸ್ಟರ್ ಕೊಳೆಯುವುದಿಲ್ಲ, ಬೂಸ್ಟು ಅದನ್ನು ತಿನ್ನುವುದಿಲ್ಲ. ಅದರ ಶತ್ರು ಬಿಸಿಲಿನ ಅತಿನೇರಳೆ ಕಿರಣ. ಆ ಕಿರಣಗಳು ಎಳೆಯ ಅಣುಸರಪಳಿಗಳನ್ನು ಕತ್ತರಿಸುತ್ತವೆ. ಬಟ್ಟೆ ಬಿಗಿಯಾಗಿಯೇ ಕಾಣುತ್ತದೆ, ಬಲ ಮಾತ್ರ ಕುಸಿಯುತ್ತ ಹೋಗುತ್ತದೆ. ಸಿಲ್ವರ್ ಕೋಟಿನಲ್ಲಿರುವ ಅಲ್ಯೂಮಿನಿಯಮ್ಮಿನ ಸೂಕ್ಷ್ಮ ಚಕ್ಕೆಗಳು ಒಂದರ ಮೇಲೊಂದು ಮಲಗಿ ಬೆಳಕಿಗೆ ಅಡ್ಡ ನಿಲ್ಲುತ್ತವೆ. ಬಣ್ಣದ ಕೋಟು ಎಷ್ಟೇ ದಪ್ಪವಾಗಿದ್ದರೂ ಈ ಕೆಲಸವನ್ನು ನೆಚ್ಚುವಂತೆ ಮಾಡುವುದಿಲ್ಲ. ಸಮಭಾಜಕಕ್ಕೆ 13 ಡಿಗ್ರಿ ಉತ್ತರದಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಹವೆ ಮೈಗೆ ತಂಪೆನಿಸಿದರೂ, ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಇಲ್ಲಿನ ಅತಿನೇರಳೆ ಕಿರಣಗಳ ತೀವ್ರತೆ ಕಡಿಮೆಯೇನಲ್ಲ. ಜಕ್ಕೂರಿನಂಥ ಏರೋಡ್ರೋಮಿನಲ್ಲಿ ಹ್ಯಾಂಗರ್ ಸಿಗದೆ ವಿಮಾನವನ್ನು ಬಯಲಿನಲ್ಲಿ ಕಟ್ಟಿಹಾಕುವ ಸಂದರ್ಭ ಬಂದರೆ ಈ ಪದರವೇ ಬಟ್ಟೆಯ ಆಯುಷ್ಯ.

ಸಿಲ್ವರ್ ಸಾಕಷ್ಟಾಗಿದೆಯೇ ಎಂದು ತಿಳಿಯಲು ಹಳೆಯ ವಿಧಾನವೊಂದಿದೆ. ಕತ್ತಲಾದ ಮೇಲೆ ರೆಕ್ಕೆಯ ಒಂದು ಬದಿಯಿಂದ 60 ವಾಟ್ ಬಲ್ಬನ್ನು ಹಿಡಿದು ಇನ್ನೊಂದು ಬದಿಯಿಂದ ನೋಡಬೇಕು, ಬೆಳಕು ಕಾಣಬಾರದು. ಎರಡೂ ಬದಿಗೆ ಬಟ್ಟೆ ಹೊದಿಸಿಯಾಗಿದ್ದರೆ ತಪಾಸಣೆಯ ಕಿಂಡಿಯಿಂದ ಬಲ್ಬನ್ನು ಒಳಗಿಳಿಸಬಹುದು, ಬಲ್ಬು ಬಟ್ಟೆಗೆ ತಾಗದಂತೆ ನೋಡಿಕೊಂಡರೆ ಆಯಿತು. ಒಮ್ಮೆ ಉದ್ದಕ್ಕೆ, ಮತ್ತೊಮ್ಮೆ ಅಡ್ಡಕ್ಕೆ ಹೊಡೆದರೆ ಒಂದು ಕ್ರಾಸ್ ಕೋಟ್. ಸಾಮಾನ್ಯವಾಗಿ ಇಂಥ ಮೂರು ಬೇಕಾಗುತ್ತವೆ. ಹಾಗೆಂದು ಅಲ್ಯೂಮಿನಿಯಮ್ ಪುಡಿಯನ್ನು ಮನಸ್ಸಿಗೆ ಬಂದಂತೆ ಸೇರಿಸಬಾರದು. ಚಕ್ಕೆ ಹೆಚ್ಚಾಗಿ, ಅದನ್ನು ಹಿಡಿದಿಡುವ ಅಂಟು ಕಡಿಮೆಯಾದರೆ ಪದರ ತನ್ನೊಳಗೇ ಸೀಳುತ್ತದೆ. ವಾಟರ್ ಪೇಪರ್ ಹಿಡಿದು ಉಜ್ಜುವುದಿದ್ದರೆ ಈ ಸಿಲ್ವರನ್ನು ಮಾತ್ರ ಉಜ್ಜಬೇಕು, ಅದೂ ರಿಬ್ಬುಗಳ (ರೆಕ್ಕೆಗೆ ಆಕಾರ ಕೊಡುವ ಒಳಗಿನ ಪಕ್ಕೆಲುಬುಗಳ) ಮತ್ತು ಹೊಲಿಗೆಯ ಗಂಟುಗಳ ಮೇಲೆ ಕೈ ಹಗುರವಾಗಿರಬೇಕು. ಅಲ್ಲಿ ಎರಡು ಸಲ ಹೆಚ್ಚಿಗೆ ಉಜ್ಜಿದರೂ ಎಳೆ ಕತ್ತರಿಸುತ್ತದೆ.

ಈಗ ಮೇಲಿನ ಬಣ್ಣಕ್ಕೆ ಬರೋಣ. ಗ್ಯಾರೇಜುಗಳಲ್ಲಿ ಎನ್.ಸಿ. ಮತ್ತು ಪಿ.ಯು. ಎಂದು ಎರಡು ಬಗೆಯ ಹೆಸರು ಕೇಳುತ್ತೀರಿ. ಪಿ.ಯು. ಎಂದರೆ ಪಾಲಿಯುರೆಥೇನ್. ಎನ್.ಸಿ. ಎಂದರೆ ನೈಟ್ರೋಸೆಲ್ಯುಲೋಸ್, ಹಳೆಯ ನೈಟ್ರೇಟ್ ಡೋಪಿನ ಮೂಲವೂ ಅದೇ. ಹಾಗಾಗಿ ಎರಡೂ ಒಂದೇ ಎಂದು ವಾದಿಸುವವರಿದ್ದಾರೆ. ಮೂಲವಸ್ತು ಒಂದೇ ಆದರೂ ಕಾರಿನ ಎನ್.ಸಿ.ಯಲ್ಲಿ ಹೊಳಪಿಗೂ ಗಡಸುತನಕ್ಕೂ ಬೇರೆ ರಾಳಗಳನ್ನು ಸೇರಿಸಿರುತ್ತಾರೆ, ಬಾಗುವ ಗುಣಕ್ಕೆ ಅಲ್ಲಿ ಬೆಲೆಯಿಲ್ಲ. ಹಾರುವಾಗ ಬಟ್ಟೆ ಎಡೆಬಿಡದೆ ಮಿಡಿಯುತ್ತದೆ: ಪ್ರೊಪೆಲ್ಲರಿನ ಗಾಳಿ ಬಡಿಯುತ್ತದೆ, ಎಂಜಿನ್ ನಡುಗಿಸುತ್ತದೆ, ರೆಕ್ಕೆಯ ಮೇಲ್ಮೈ ಹೀರಲ್ಪಟ್ಟು ಉಬ್ಬುತ್ತದೆ. ಗಡಸು ಪೇಂಟ್ ಅದರ ಜತೆ ಬಾಗಲಾರದೆ ಬಿರುಕು ಬಿಡುತ್ತದೆ. ಸಣ್ಣ ಕಲ್ಲೊಂದು ಸಿಡಿದು ತಾಗಿದ ಕಡೆ ಅಥವಾ ಯಾರೋ ಬೆರಳಿನಿಂದ ಒತ್ತಿದ ಕಡೆ ಉಂಗುರದೊಳಗೆ ಉಂಗುರವಾಗಿ ಬಿರುಕುಗಳು ಏಳುವುದನ್ನು ಹಳೆಯ ವಿಮಾನಗಳಲ್ಲಿ ಕಾಣಬಹುದು. ಆ ಬಿರುಕು ಮೇಲೆಯೇ ನಿಲ್ಲುವುದಿಲ್ಲ. ಕೆಳಗಿನ ಪದರಗಳನ್ನೂ ಸೀಳಿ, ಬಿಸಿಲನ್ನೂ ತೇವವನ್ನೂ ಬಟ್ಟೆಗೆ ಮುಟ್ಟಿಸುತ್ತದೆ. ಆದ್ದರಿಂದ ಎನ್.ಸಿ. ಪೇಂಟ್ ಬೇಡವೇ ಬೇಡ.

ಹಾರ್ಡನರ್ ಬೆರೆಸುವ ಪಿ.ಯು. ಪೇಂಟ್ ಇದಕ್ಕಿಂತ ಮೇಲು. ವಿಮಾನದ ಬಟ್ಟೆಗೆಂದೇ ತಯಾರಾಗುವ ಪಾಲಿಯುರೆಥೇನ್ ಬಣ್ಣಗಳು ಇವೆ, ಅವು ಬಾಗುತ್ತವೆ. ಕಾರಿನ ಪಿ.ಯು.ಗೆ, ಪ್ಲಾಸ್ಟಿಕ್ ಬಂಪರಿನ ಪೇಂಟಿಗೆ ಅದು ಬಾಗಲೆಂದು ಬೆರೆಸುವಂಥ ಫ್ಲೆಕ್ಸ್ ಅಡಿಟಿವ್ ಸೇರಿಸಿ ಬಟ್ಟೆಯ ಮೇಲೆ ಹೊಡೆದು ಹಾರಿಸಿದವರೂ ಇದ್ದಾರೆ. ಹೊಳಪು ಕಣ್ಣು ಕೋರೈಸುತ್ತದೆ ಎನ್ನುವುದು ನಿಜ. ಆದರೆ ಅದರ ದಂಡ ದುರಸ್ತಿಯ ದಿನ ತೆರಬೇಕಾಗುತ್ತದೆ. ಅಮೆರಿಕದ ರೇ ಸ್ಟಿಟ್ಸ್ ಬೆಳೆಸಿದ, ಇಂದು ಪಾಲಿಫೈಬರ್ ಎಂದು ಕರೆಯುವ ವಿನೈಲ್ ಪದ್ಧತಿಯಲ್ಲಿ ಬಣ್ಣದಿಂದ ಹಿಡಿದು ತಳದ ಕೋಟಿನವರೆಗೆ ಎಲ್ಲವೂ ಎಂಇಕೆ ದ್ರಾವಕದಲ್ಲಿ ಮತ್ತೆ ಕರಗುತ್ತದೆ. ಬಟ್ಟೆ ಹರಿದರೆ ಸುತ್ತಲಿನ ಲೇಪವನ್ನು ಒರೆಸಿ ತೆಗೆದು, ತೇಪೆ ಅಂಟಿಸಿ, ಮತ್ತೆ ಬಳಿದರೆ ಹೊಸದು ಹಳೆಯದರೊಂದಿಗೆ ಬೆರೆತುಹೋಗುತ್ತದೆ. ಗಟ್ಟಿಯಾದ ಪಿ.ಯು. ಹಾಗೆ ಕರಗುವುದಿಲ್ಲ, ಅದನ್ನು ಬಟ್ಟೆಗೆ ಗಾಯವಾಗದಂತೆ ಉಜ್ಜಿ ತೆಗೆಯುವುದು ಅಂಗುಲ ಅಂಗುಲದ ಕೆಲಸ. ಹ್ಯಾಂಗರಿನ ಬಾಗಿಲು, ಏಣಿಯ ತುದಿ, ಕೈಜಾರಿದ ಸ್ಕ್ರೂಡ್ರೈವರ್, ಇವೆಲ್ಲ ಒಂದಲ್ಲ ಒಂದು ದಿನ ಬಟ್ಟೆಯನ್ನು ಹರಿದೇ ಹರಿಯುತ್ತವೆ. ಮೊದಲ ವಿಮಾನಕ್ಕೆ ಮಂಕಾದರೂ ದುರಸ್ತಿಗೆ ಒಗ್ಗುವ ಬಣ್ಣವೇ ಸರಿ ಎಂದು ನಾನು ಹೇಳುವುದು ಇದಕ್ಕಾಗಿ.

ಪಿ.ಯು. ಹೊಡೆಯುವ ಕೈಗಳ ಮತ್ತು ಉಸಿರಿನ ಮಾತನ್ನೂ ಇಲ್ಲಿ ಬಿಡುವಂತಿಲ್ಲ. ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜು ಉಸಿರಿನೊಂದಿಗೆ ಒಳಹೋದರೆ ಜೀವಮಾನವಿಡೀ ಉಳಿಯುವ ಅಸ್ತಮಾ ಬರಬಹುದು. ವಾಸನೆಯಿಂದ ಅದರ ಇರವು ತಿಳಿಯುವುದಿಲ್ಲವಾದ್ದರಿಂದ ಇದ್ದಿಲಿನ ಫಿಲ್ಟರಿರುವ ಮುಖವಾಡ ಸವೆದುಹೋದದ್ದೂ ಗೊತ್ತಾಗುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತಂದು ಕೊಡುವ ಮುಖವಾಡವೇ ಬೇಕು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಪಿ.ಯು. ಹೊಡೆಯುವ ಹುಡುಗರನ್ನು ನಮ್ಮ ಗ್ಯಾರೇಜುಗಳಲ್ಲಿ ದಿನವೂ ನೋಡುತ್ತೇವೆ. ನಿಮ್ಮ ವಿಮಾನದ ಕೆಲಸಕ್ಕೆ ಯಾರನ್ನು ಕರೆದರೂ ಅವರಿಗೆ ಸರಿಯಾದ ಮುಖವಾಡ ಒದಗಿಸುವುದು ನಿಮ್ಮ ಹೊಣೆ. ಡೋಪ್ ಬಳಸುವವರು ಬೆಂಕಿಯ ಬಗ್ಗೆ ಅಷ್ಟೇ ಎಚ್ಚರವಿರಬೇಕು: ನೈಟ್ರೇಟ್ ಡೋಪ್ ಕಿಡಿ ಸೋಕಿದರೆ ಸಾಕು ಹೊತ್ತಿಕೊಳ್ಳುತ್ತದೆ, ಪಾಲಿಯೆಸ್ಟರನ್ನು ಉಜ್ಜಿದರೆ ಸ್ಥಿರವಿದ್ಯುತ್ತು ಹುಟ್ಟುತ್ತದೆ. ಚೌಕಟ್ಟನ್ನು ಅರ್ಥಿಂಗಿಗೆ ಜೋಡಿಸಿ, ನೆಲಕ್ಕೆ ನೀರು ಚಿಮುಕಿಸಿ, ಹತ್ತಿಯ ಉಡುಪು ತೊಟ್ಟು ಕೆಲಸ ಮಾಡಬೇಕು.

ತೂಕದ ಲೆಕ್ಕವನ್ನು ನೀವೇ ಹಾಕಿ ನೋಡಿ. ಎರಡು ಆಸನದ ವಿಮಾನದಲ್ಲಿ ರೆಕ್ಕೆಯ ಮೇಲೆ ಕೆಳಗೆ, ಒಡಲು, ಬಾಲ ಎಲ್ಲ ಸೇರಿ 50 ಚದರ ಮೀಟರ್ ಬಟ್ಟೆಯಿದೆ ಎಂದುಕೊಳ್ಳೋಣ. ಕಾರಿನ ರೀತಿಯಲ್ಲಿ ಬೇಸ್ ಕೋಟ್, ಮೇಲೆ ಕ್ಲಿಯರ್ (ಹೊಳಪಿನ ಪಾರದರ್ಶಕ ಪದರ) ಎಂದು ಹೊಡೆದು ಪ್ರತಿ ಚದರ ಮೀಟರಿಗೆ ಒಣ ತೂಕ 100 ಗ್ರಾಂ ಹೆಚ್ಚಾದರೆ ಒಟ್ಟು 5 ಕಿಲೋ. ಸಾಮಾನ್ಯವಾಗಿ ಬಳಸುವ ಮಧ್ಯಮ ದರ್ಜೆಯ ಬಟ್ಟೆಯ ತೂಕವೇ ಚದರ ಮೀಟರಿಗೆ ಸುಮಾರು 92 ಗ್ರಾಂ. ಅಂದರೆ ಹೊಳಪಿಗಾಗಿ ಇನ್ನೊಂದು ಬಟ್ಟೆಯನ್ನೇ ಹೊದಿಸಿದಂತಾಯಿತು. ಎತ್ತರದ ಊರಿನ ತೆಳುಗಾಳಿಯಲ್ಲಿ, ಬೇಸಗೆಯ ಮಧ್ಯಾಹ್ನ, ಸಣ್ಣ ಎಂಜಿನ್ನಿಗೆ ಆ ತೂಕ ಗೊತ್ತಾಗುತ್ತದೆ. ಅದಕ್ಕಿಂತ ಗಂಭೀರವಾದದ್ದು ಏಲರಾನ್, ಎಲಿವೇಟರ್, ರಡ್ಡರ್‌ಗಳ, ಅಂದರೆ ರೆಕ್ಕೆ ಮತ್ತು ಬಾಲದಲ್ಲಿ ಕೀಲಿನ ಮೇಲೆ ಆಡುತ್ತ ವಿಮಾನವನ್ನು ನಿಯಂತ್ರಿಸುವ ಭಾಗಗಳ ಮೇಲಿನ ಪೇಂಟ್. ಅದರ ಬಹುಪಾಲು ಕೀಲಿನ ಹಿಂದೆ ಬೀಳುವುದರಿಂದ ಆ ಭಾಗಗಳ ತೂಕದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಹಾಗಾದಾಗ ವೇಗ ಹೆಚ್ಚಿದಂತೆ ಅವು ತಾವಾಗಿ ಬಡಿದಾಡತೊಡಗಿ, ಕ್ಷಣಗಳಲ್ಲಿ ಕಿತ್ತುಹೋಗುವ ಅಪಾಯವಿದೆ. ನಕ್ಷೆಯಲ್ಲಿ ಸಮತೋಲನದ ಮಿತಿ ಕೊಟ್ಟಿದ್ದರೆ ಪೇಂಟ್ ಪೂರ್ತಿ ಒಣಗಿದ ಮೇಲೆ ಅಳೆದು ಸರಿಪಡಿಸದೆ ಹಾರಲೇಬಾರದು.

ಯಾವ ಪೇಂಟನ್ನೇ ಆರಿಸಿ, ಹೊಡೆಯುವ ದಿನವನ್ನು ಆರಿಸುವುದೂ ಒಂದು ಕೆಲಸ. ದ್ರಾವಕ ಬೇಗನೆ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವವಿದ್ದರೆ ಅದು ಅಲ್ಲಿ ಇಬ್ಬನಿಯಾಗಿ ಕೂತು ಲೇಪ ಬೆಳ್ಳಗಾಗುತ್ತದೆ. ಡೋಪಿನಲ್ಲಿ ಈ ಬಿಳುಪು ಕೇವಲ ಕಲೆಯಾಗಿರುವುದಿಲ್ಲ, ಅಲ್ಲಿ ಪದರವೇ ದುರ್ಬಲವಾಗಿರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನಲ್ಲಿ ಈ ಕೆಲಸಕ್ಕೆ ನೆಚ್ಚಬಹುದಾದ ದಿನಗಳು ಕಡಿಮೆ. ಜನವರಿಯ ಮುಂಜಾನೆಗಳಲ್ಲಿ ಮಂಜಿರುತ್ತದೆ. ಬಿಸಿಲೇರಿದ ಮೇಲೆ ಆರಂಭಿಸಿ ಸಂಜೆಗೆ ಮುನ್ನ ಮುಗಿಸಬೇಕು. ಫೆಬ್ರವರಿ ಮಾರ್ಚ್ ಒಣ ತಿಂಗಳುಗಳು, ಆದರೆ ಮಾರ್ಚಿನ ಮಧ್ಯಾಹ್ನದ ಸೆಕೆಗೆ ಪೇಂಟ್ ಗನ್ನಿನಿಂದ ಬಟ್ಟೆ ತಲುಪುವ ಮೊದಲೇ ಅರ್ಧ ಒಣಗಿ ಮರಳು ಮರಳಾಗಿ ಕೂರುತ್ತದೆ, ಆಗ ನಿಧಾನವಾಗಿ ಆರುವ ಥಿನ್ನರ್ ಬೇಕು. ಕಂಪ್ರೆಸರಿನ ಕೊಳವೆಗೆ ನೀರು ಹಿಡಿಯುವ ಫಿಲ್ಟರ್ ಹಾಕಿ. ಕಾರುಗಳ ಪೇಂಟ್ ಬೂತನ್ನು ಬಾಡಿಗೆಗೆ ಹಿಡಿಯುವ ಯೋಚನೆಯಿದ್ದರೆ ಅಲ್ಲಿ ಪಾಲಿಶ್ ಕೆಲಸವೂ ನಡೆಯುತ್ತದೆಯೇ ಎಂದು ಕೇಳಿ. ಪಾಲಿಶ್‌ನಲ್ಲಿರುವ ಸಿಲಿಕೋನ್ ಬಟ್ಟೆಗೆ ಸೋಕಿದರೆ ಪೇಂಟ್ ಅಲ್ಲಲ್ಲಿ ಕಣ್ಣು ಕಣ್ಣಾಗಿ ಬಿಟ್ಟುಕೊಳ್ಳುತ್ತದೆ, ಅದನ್ನು ತೊಳೆದು ತೆಗೆಯುವುದು ಕಷ್ಟ.

ಖರ್ಚನ್ನು ಉಳಿಸಲೇಬೇಕೆಂದಿದ್ದರೆ ಉಳಿಸುವ ಜಾಗ ಬೇರೆ ಇದೆ. ಇಡೀ ವಿಮಾನಕ್ಕೆ ಒಂದೇ ತಿಳಿಬಣ್ಣ ಸಾಕು, ಪಟ್ಟೆಗಳೂ ಚಿತ್ತಾರವೂ ಬೇಡ. ಅಂಟು, ತಳದ ಕೋಟು, ಸಿಲ್ವರ್, ಬಣ್ಣ ಎಲ್ಲವನ್ನೂ ಒಂದೇ ಪದ್ಧತಿಯಿಂದ ತರಿಸಿ, ಅದರ ಕೈಪಿಡಿಯನ್ನು ಅಕ್ಷರಶಃ ಪಾಲಿಸಿ. ಒಂದು ಕಂಪನಿಯ ತಳದ ಮೇಲೆ ಇನ್ನೊಂದರ ಮೇಲ್ಪದರ ಹಾಕಿದರೆ ಏನಾಗುವುದೆಂದು ಇಬ್ಬರಲ್ಲಿ ಯಾರೂ ಹೊಣೆ ಹೊರುವುದಿಲ್ಲ. ಡೋಪಿನಲ್ಲೇ ನೋಡಿ, ನೈಟ್ರೇಟಿನ ಮೇಲೆ ಇನ್ನೊಂದು ಬಗೆಯ ಡೋಪಾದ ಬ್ಯುಟಿರೇಟ್ ಕೂರುತ್ತದೆ, ಬ್ಯುಟಿರೇಟಿನ ಮೇಲೆ ನೈಟ್ರೇಟ್ ಕೂರುವುದಿಲ್ಲ. ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಅನುಮತಿಗಾಗಿ ದಾಖಲೆಗಳನ್ನು ಒಪ್ಪಿಸುವಾಗಲೂ ಒಂದೇ ಪದ್ಧತಿಯನ್ನು ಕೈಪಿಡಿಯಂತೆ ಪಾಲಿಸಿದ್ದೇನೆ ಎನ್ನುವುದನ್ನು ತೋರಿಸುವುದು ಸುಲಭ.

ಇಷ್ಟಾದರೂ ಕಾರಿನ ಪಿ.ಯು.ವನ್ನೇ ಮೇಲ್ಪದರಕ್ಕೆ ಬಳಸುವ ಮನಸ್ಸಿದ್ದರೆ, ರೆಕ್ಕೆಯ ಮೇಲೆ ಗನ್ ಹಿಡಿಯುವ ಮೊದಲು ಎರಡು ಅಡಿ ಉದ್ದ ಎರಡು ಅಡಿ ಅಗಲದ ಮರದ ಚೌಕಟ್ಟೊಂದನ್ನು ಮಾಡಿಕೊಳ್ಳಿ. ಉಳಿದಿರುವ ಅದೇ ಬಟ್ಟೆಯನ್ನು ಹೊದಿಸಿ, ಅಷ್ಟೇ ಬಿಸಿಯಲ್ಲಿ ಬಿಗಿ ಮಾಡಿ, ತಳದ ಕೋಟು ಮತ್ತು ಸಿಲ್ವರ್ ಹಾಕಿ, ಅವು ಪೂರ್ತಿ ಒಣಗಿದ ಮೇಲೆ ಫ್ಲೆಕ್ಸ್ ಅಡಿಟಿವ್ ಸೇರಿಸಿದ ಪಿ.ಯು. ಹೊಡೆಯಿರಿ. ಪಿ.ಯು.ವಿನ ದ್ರಾವಕ ಕೆಳಗಿನ ವಿನೈಲನ್ನು ಮೆತ್ತಗೆ ಮಾಡಿ ಎಬ್ಬಿಸುತ್ತಿದೆಯೇ ಎಂಬುದು ಅಂದೇ ಗೊತ್ತಾಗುತ್ತದೆ. ಆಮೇಲೆ ಅದನ್ನು ಒಂದು ಪೂರ್ತಿ ಬೇಸಗೆ ತಾರಸಿಯ ಮೇಲೆ ಬಿಸಿಲಿಗೂ ಏಪ್ರಿಲ್ ಮೇ ತಿಂಗಳ ಮಳೆಗೂ ಒಡ್ಡಿ, ಆಗಾಗ ಹೆಬ್ಬೆರಳಿನಿಂದ ಬಲವಾಗಿ ಒತ್ತಿ, ಹಿಂಬದಿಯಿಂದ ಬೆರಳಿನಿಂದ ಚಿಮ್ಮಿ, ಓರೆ ಬೆಳಕಿನಲ್ಲಿ ಉಂಗುರದ ಬಿರುಕುಗಳಿಗಾಗಿ ನೋಡಿ. ಕೊನೆಯಲ್ಲಿ ಅದರ ನಡುವೆ ಬ್ಲೇಡಿನಿಂದ ಒಂದು ಗೇಣು ಸೀಳಿ, ಸುತ್ತಲಿನ ಪೇಂಟ್ ತೆಗೆದು ತೇಪೆ ಹಾಕಿ ನೋಡಿ. ಆ ತೇಪೆಗೆ ನಿಮಗೆ ಹಿಡಿದ ಸಮಯವನ್ನು ಬರೆದಿಟ್ಟುಕೊಂಡು, ಆಮೇಲೆ ಬಣ್ಣದ ನಿರ್ಧಾರ ಮಾಡಿ.