ಕರಿಹಲಗೆಯ ಮೇಲೆ ಮೂರು ಸಾಲು

ಹಜ್‌ಗೆ ಆಯ್ಕೆಯಾದವರ ಮನೆಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಸೂಟ್‌ಕೇಸ್. ಹೊರಡಲು ತಿಂಗಳೊಪ್ಪತ್ತು ಬಾಕಿ ಇರುವಾಗಲೇ ನಡುಮನೆಯಲ್ಲಿ ಬಾಯಿ ತೆರೆದುಕೊಂಡು ಕೂತಿರುತ್ತದೆ. ಒಳಗೆ ಖಟಕ್ ರೊಟ್ಟಿ, ಶೇಂಗಾ ಹಿಂಡಿ, ಮಾವಿನ ಉಪ್ಪಿನಕಾಯಿ, ಬೀಗರು ಕಳಿಸಿದ ಮಸಾಲೆ ಪುಡಿ. ಆ ಮಸಾಲೆಯಲ್ಲಿ ಗಸಗಸೆ ಬಿದ್ದಿದೆಯೇ ಎಂದು ನಾನು ವಿಚಾರಿಸುತ್ತೇನೆ. ನಮ್ಮ ಅಡುಗೆಮನೆಯ ಗಸಗಸೆ ಸೌದಿಯಲ್ಲಿ ನಿಷಿದ್ಧ. ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಬರುವ ತೊಂದರೆ ಸಣ್ಣದಲ್ಲ. ಅದಾದ ಮೇಲೆ, ಬಿಡಲೇಬಾರದ ಕರ್ತವ್ಯಗಳಾದ ಫರ್ಜ್‌ಗಳ ಬಗ್ಗೆ ಮೆಲ್ಲನೆ ಕೇಳುತ್ತೇನೆ: "ಚಾಚಾ, ಹಜ್‌ನಲ್ಲಿ ಫರ್ಜ್ ಎಷ್ಟು?"

ಚಾಚಾ ಮಗನ ಮುಖ ನೋಡುತ್ತಾರೆ. ಮಗ ಮೊಬೈಲ್ ನೋಡುತ್ತಾನೆ. "ಅಲ್ಲಿ ಎಲ್ಲರೂ ಮಾಡಿದಂತೆ ಮಾಡಿದರಾಯಿತು, ಮಾಸ್ತರ್" ಎಂಬ ಉತ್ತರ ಒಳಮನೆಯಿಂದ ಬರುತ್ತದೆ.

ನಾನು ಕಲಬುರಗಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಹಜ್ ಯಾತ್ರಿಗಳಿಗೆ ತರಬೇತಿ ಕೊಡುವುದು ಈಗಿನ ಕೆಲಸ. ಭಾನುವಾರಗಳಂದು ಒಂದು ಶಾದಿ ಮಹಲಿನಲ್ಲಿ ಸೇರುತ್ತೇವೆ. ಸೇಡಂ, ಚಿಂಚೋಳಿ, ಶಹಾಪುರ, ಹುಮನಾಬಾದ್ ಕಡೆಯಿಂದ ಬರುವವರೇ ಹೆಚ್ಚು. ಮನೆಯ ಮಾತು ದಖನಿ, ಓದಿದ್ದು ಮಾತ್ರ ಕನ್ನಡ ಶಾಲೆಯಲ್ಲಿ. ಉರ್ದು ಕೈಪಿಡಿ ಕೊಟ್ಟರೆ ಕಣ್ಣಿಗೊತ್ತಿಕೊಂಡು ಅಲಮಾರಿಯಲ್ಲಿ ಇಟ್ಟುಬಿಡುತ್ತಾರೆ. ಅದಕ್ಕೇ ನಾನು ಕರಿಹಲಗೆಯ ಮೇಲೆ ಕನ್ನಡದಲ್ಲಿ ಬರೆಯುವುದು. ಮೊದಲ ದಿನ ಬರೆದ ಮೂರು ಸಾಲುಗಳನ್ನು ಕೊನೆಯ ದಿನದವರೆಗೂ ಒರೆಸಲು ಬಿಡುವುದಿಲ್ಲ.

ಮೊದಲ ಸಾಲು ಫರ್ಜ್: ಇಹ್ರಾಮ್ (ಸಂಕಲ್ಪ ಮಾಡಿ ಹಜ್‌ನ ನಿಯಮಗಳಿಗೆ ಒಳಪಡುವುದು), ಅರಫಾತ್ ಬಯಲಿನಲ್ಲಿ ನಿಲ್ಲುವುದು, ತವಾಫೆ ಜಿಯಾರತ್ (ಅರಫಾತ್‌ನಿಂದ ಬಂದ ಮೇಲೆ ಕಾಬಾದ ಸುತ್ತ ಹಾಕುವ ಏಳು ಸುತ್ತು). ಇವುಗಳಲ್ಲಿ ಒಂದು ತಪ್ಪಿದರೂ ಹಜ್ ಆಗುವುದಿಲ್ಲ. ಎರಡನೆಯದು ವಾಜಿಬ್: ಮುಜ್ದಲಿಫಾದಲ್ಲಿ ತಂಗುವುದು, ಸಯೀ (ಸಫಾ, ಮರ್ವಾ ಗುಡ್ಡಗಳ ನಡುವೆ ಏಳು ಸಲ ನಡೆಯುವುದು), ಸೈತಾನನ ಗುರುತೆಂದು ನಿಲ್ಲಿಸಿದ ಜಮರಾತ್‌ಗೆ ಕಲ್ಲು ಹೊಡೆಯುವುದು, ಕುರ್ಬಾನಿ, ತಲೆ ಬೋಳಿಸುವುದು, ಹೊರಡುವಾಗಿನ ವಿದಾಯದ ತವಾಫ್. ತಕ್ಕ ಕಾರಣವಿಲ್ಲದೆ ಇವು ತಪ್ಪಿದರೆ ಹಜ್ ಉಳಿಯುತ್ತದೆ, ಆದರೆ ದಮ್ ಕೊಡಬೇಕು. ಅಂದರೆ ಹರಮ್‌ನ (ಮಕ್ಕಾದ ಪವಿತ್ರ ವಲಯದ) ಗಡಿಯೊಳಗೆ ಒಂದು ಪ್ರಾಣಿಯ ಬಲಿ. ಮೂರನೆಯದು ಸುನ್ನತ್. ಅದರಲ್ಲಿ ಪುಣ್ಯವಿದೆ, ಬಿಟ್ಟುಹೋದರೆ ದಂಡವಿಲ್ಲ. ನಮ್ಮ ಭಾಗದಲ್ಲಿ ಹೆಚ್ಚಿನವರು ಹನಫಿ ಪಂಥದವರಾದ್ದರಿಂದ ಆ ಪ್ರಕಾರವೇ ಹೇಳುತ್ತಿದ್ದೇನೆ. ಬೇರೆ ಮಸ್ಲಕ್‌ನವರು ತಮ್ಮ ಆಲಿಮರನ್ನು (ಧರ್ಮವಿದ್ವಾಂಸರನ್ನು) ಕೇಳಿಕೊಳ್ಳಲಿ.

ಈ ಮೂರು ಸಾಲಿಗೆ ಇಷ್ಟು ಪಟ್ಟು ಹಿಡಿಯುವುದೇಕೆ? ಅಲ್ಲಿ ಹೋದ ಮೇಲೆ ಯೋಜನೆ ಕೆಟ್ಟೇ ಕೆಡುತ್ತದೆ. ಬಸ್ಸು ಬರುವುದಿಲ್ಲ, ಗಂಡ ಹೆಂಡತಿ ಬೇರೆಯಾಗುತ್ತಾರೆ, ಸಕ್ಕರೆ ಇಳಿದು ತಲೆ ತಿರುಗುತ್ತದೆ. ಆಗ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದು ಗೊತ್ತಿದ್ದವನು ನಿಂತು ಯೋಚಿಸುತ್ತಾನೆ. ಗೊತ್ತಿಲ್ಲದವನಿಗೆ ಎಲ್ಲವೂ ಫರ್ಜ್ ಆಗಿ ಕಾಣುತ್ತದೆ, ಅವನು ನುಗ್ಗುತ್ತಾನೆ.

ಕಾಬಾದ ಮೂಲೆಯಲ್ಲಿರುವ ಹಜ್ರೆ ಅಸ್ವದ್ ಇದಕ್ಕೆ ದೊಡ್ಡ ಉದಾಹರಣೆ. ಪ್ರತಿ ತಂಡದಲ್ಲೂ ಮೊದಲು ಕೈ ಎತ್ತುವವರ ಪ್ರಶ್ನೆ ಒಂದೇ: ಆ ಕಪ್ಪು ಕಲ್ಲಿಗೆ ಮುತ್ತಿಡಲು ಯಾವ ಹೊತ್ತು ಒಳ್ಳೆಯದು? ಮುತ್ತಿಡುವುದು ಸುನ್ನತ್. ಜನರನ್ನು ಮೊಣಕೈಯಿಂದ ತಿವಿಯುವುದು ಹರಾಮ್. ಮೂರನೆಯ ಸಾಲಿನ ಕೆಲಸಕ್ಕಾಗಿ ಹರಾಮ್ ಮಾಡುವುದು ಯಾವ ಲೆಕ್ಕ ಎಂದು ಕೇಳಿದರೆ ಸಭೆ ತಲೆದೂಗುತ್ತದೆ, ಅಲ್ಲಿ ಹೋಗಿ ಮತ್ತೆ ಅದನ್ನೇ ಮಾಡುತ್ತದೆ. ದೂರದಿಂದ ಅದರ ನೇರಕ್ಕೆ ನಿಂತು ಎರಡೂ ಅಂಗೈ ಎತ್ತಿ ತೋರಿಸಿ 'ಬಿಸ್ಮಿಲ್ಲಾಹಿ ಅಲ್ಲಾಹು ಅಕ್ಬರ್' ಎಂದು ಅಂಗೈಗೆ ಮುತ್ತಿಟ್ಟರೆ ಇಸ್ತಿಲಾಮ್, ಅಂದರೆ ಆ ಕಲ್ಲಿಗೆ ಸಲ್ಲಿಸುವ ಗೌರವ, ಪೂರ್ತಿಯಾಯಿತು. ಮಹಲಿನ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಬಾ ಎಂದು ರಟ್ಟಿನ ಡಬ್ಬಿ ಇಟ್ಟು, ಒಂದು ಮೂಲೆಗೆ ಕಪ್ಪು ಟೇಪ್ ಹಚ್ಚಿ, ಎಲ್ಲರಿಂದಲೂ ಏಳು ಸುತ್ತು ಹಾಕಿಸುತ್ತೇನೆ. ಡಬ್ಬಿ ಎಡಗಡೆಗೆ ಇರಬೇಕು. ಬಲಕ್ಕೆ ಇಟ್ಟುಕೊಂಡು ಹೊರಡುವವರು ಪ್ರತಿ ಸಲ ಇಬ್ಬರಾದರೂ ಸಿಗುತ್ತಾರೆ.

ಎಣಿಕೆ ತಪ್ಪಿದವರನ್ನು ನೋಡಿ ನಾನು ನಗುವುದಿಲ್ಲ. ಆ ಹಕ್ಕು ನನಗಿಲ್ಲ. ನನ್ನ ಮೊದಲ ಹಜ್‌ನಲ್ಲಿ ಸಫಾದಿಂದ ಮರ್ವಾಕ್ಕೆ ಹೋಗಿ ಮರಳಿ ಸಫಾಕ್ಕೆ ಬಂದದ್ದನ್ನು ಒಂದು ಎಂದು ಎಣಿಸಿದೆ. ಹಾಗೆ ಏಳು ಎಣಿಸಿ ಮುಗಿಸುವ ಹೊತ್ತಿಗೆ ಹದಿನಾಲ್ಕು ನಡೆದಿದ್ದೆ. ಹೋಗುವುದು ಒಂದು, ಬರುವುದು ಇನ್ನೊಂದು. ಸಫಾದಲ್ಲಿ ಶುರುವಾದ ಏಳು ಮರ್ವಾದಲ್ಲೇ ಮುಗಿಯಬೇಕು. ಏಳು ಸಲಕ್ಕೆ ಮೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರ. ನಾನು ಅದರ ದುಪ್ಪಟ್ಟು ನಡೆದೆ. ಮೂವತ್ತು ವರ್ಷ ಮಕ್ಕಳ ಮಗ್ಗಿ ತಿದ್ದಿದ ಮಾಸ್ತರನ ಕಥೆ ಇದು. ನನ್ನ ಹೆಂಡತಿ ಇಂದಿಗೂ ತರಕಾರಿ ಲೆಕ್ಕಕ್ಕೆ ನನ್ನನ್ನು ನಂಬುವುದಿಲ್ಲ.

ಇಹ್ರಾಮ್ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಗಳವರು ಸಾಮಾನ್ಯವಾಗಿ ಹೈದರಾಬಾದಿನಿಂದ ವಿಮಾನ ಹತ್ತುತ್ತಾರೆ. ವಿಮಾನ ನೇರ ಜಿದ್ದಾಕ್ಕೆ ಹೋಗುವುದಾದರೆ ಮೀಕಾತ್‌ನ ಗಡಿ, ಅಂದರೆ ಇಹ್ರಾಮ್ ಇಲ್ಲದೆ ದಾಟಬಾರದ ಗಡಿ, ಆಕಾಶದಲ್ಲೇ ದಾಟಿಹೋಗುತ್ತದೆ. ಹಾಗಾಗಿ ಇಹ್ರಾಮ್‌ನ ಎರಡು ಬಿಳಿ ಬಟ್ಟೆಯನ್ನು ಹೈದರಾಬಾದಿನಲ್ಲೇ ಉಟ್ಟುಕೊಳ್ಳಬೇಕು. ನಿಯ್ಯತ್ (ಸಂಕಲ್ಪ) ಮತ್ತು 'ಲಬ್ಬೈಕ್' ಎಂಬ ಘೋಷ ಆ ಗಡಿಗಿಂತ ಮುಂಚೆ ಆಗಬೇಕು. ಮೊದಲು ಮದೀನಾಕ್ಕೆ ಹೋಗುವುದಾದರೆ ಮಾಮೂಲಿ ಬಟ್ಟೆಯಲ್ಲೇ ಹೋಗಿ. ಮಕ್ಕಾಕ್ಕೆ ಹೊರಡುವ ದಿನ ಜುಲ್ ಹುಲೈಫಾದಲ್ಲಿ ಇಹ್ರಾಮ್ ಆಗುತ್ತದೆ. ಅಲ್ಲಿನ ಬಸ್ ಚಾಲಕರಿಗೆ ಬೀರ್ ಅಲಿ ಎಂದರೆ ತಿಳಿಯುತ್ತದೆ. ಪ್ರತಿ ವರ್ಷವೂ ಆಗುವ ತಪ್ಪೆಂದರೆ ಇಹ್ರಾಮ್ ಬಟ್ಟೆಯನ್ನು ದೊಡ್ಡ ಸೂಟ್‌ಕೇಸಿನಲ್ಲಿ ಮಡಿಸಿಟ್ಟು ಲಗೇಜಿಗೆ ಹಾಕಿಬಿಡುವುದು. ರೊಟ್ಟಿ ಕೈಚೀಲದಲ್ಲಿ, ಇಹ್ರಾಮ್ ವಿಮಾನದ ಹೊಟ್ಟೆಯಲ್ಲಿ.

ನಮ್ಮವರು ಮಾಡುವುದು ಹೆಚ್ಚಾಗಿ ತಮತ್ತು ಹಜ್. ಮೊದಲು ಉಮ್ರಾ (ಕಿರಿಯ ಯಾತ್ರೆ) ಮಾಡಿ ಇಹ್ರಾಮ್ ಬಿಚ್ಚಿ, ಜಿಲ್‌ಹಜ್ ತಿಂಗಳ 8ರಂದು ಹಜ್‌ಗಾಗಿ ಮತ್ತೆ ಕಟ್ಟುವುದು. ಅಂದು ಡೇರೆಗಳ ಊರಾದ ಮಿನಾ, 9ಕ್ಕೆ ಅರಫಾತ್, ಆ ರಾತ್ರಿ ಮುಜ್ದಲಿಫಾ, 10ಕ್ಕೆ ಮತ್ತೆ ಮಿನಾ.

ಅರಫಾತ್ ಬಗ್ಗೆ ಮಾತ್ರ ಒಂದಿಡೀ ತರಗತಿ ತೆಗೆದುಕೊಳ್ಳುತ್ತೇನೆ. 9ರ ಮಧ್ಯಾಹ್ನ ಸೂರ್ಯ ನೆತ್ತಿಯಿಂದ ವಾಲಿದ ಹೊತ್ತಿನಿಂದ ಮರುದಿನ ಬೆಳಗಿನ ಜಾವದೊಳಗೆ ಆ ಬಯಲಿನ ಗಡಿಯೊಳಗೆ ಇರಬೇಕು; ಹಗಲು ಬಂದವರು ಸೂರ್ಯ ಮುಳುಗುವ ಮುನ್ನ ಹೊರಡಬಾರದು. ಗಡಿಗೆ ಹಳದಿ ಫಲಕಗಳಿವೆ. ನಮಿರಾ ಮಸೀದಿಯ ಮುಂಭಾಗ ಅರಫಾತ್‌ನ ಗಡಿಯ ಹೊರಗೇ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಅಲ್ಲಿ ನಮಾಜ್ ಮುಗಿಸಿ, ತಂಪಾಗಿದೆ ಎಂದು ಅಲ್ಲೇ ದುಆ (ಪ್ರಾರ್ಥನೆ) ಮಾಡುತ್ತ ಸಂಜೆಯವರೆಗೆ ಕೂತವನು ಇಡೀ ದಿನ ಅರಫಾತ್‌ನ ಹೊರಗೆ ಕೂತಂತೆ. ಅಲ್ಲಿನ ಗುಡ್ಡ ಜಬಲೆ ರಹಮತ್ ಏರುವುದು ಫರ್ಜೂ ಅಲ್ಲ, ವಾಜಿಬೂ ಅಲ್ಲ. ಡೇರೆಯಲ್ಲಿ ಕೂತು ಅಳುವುದಕ್ಕೂ ಅಲ್ಲಾಹನ ಬಳಿ ಅಷ್ಟೇ ಬೆಲೆಯಿದೆ.

"ನಮಗೆ ಬಿಸಿಲು ಹೊಸದೇ?" ಎಂದು ಕಲಬುರಗಿಯವರು ನಗುತ್ತಾರೆ. ನಲವತ್ತೆರಡು ಡಿಗ್ರಿ ನೋಡಿದ್ದೇವೆ, ನಿಜ. ಆದರೆ ಆ ಬಿಸಿಲಲ್ಲಿ ನಾವು ಏನು ಮಾಡುತ್ತೇವೆ? ಬೇವಿನ ಮರದ ಕೆಳಗೆ ಹೊರಸು ಹಾಕಿಕೊಂಡು ಮಲಗುತ್ತೇವೆ. ಅಲ್ಲಿ ಆ ಹೊತ್ತಿಗೆ ನಡೆಯುತ್ತಿರುತ್ತೇವೆ. 2024ರ ಹಜ್‌ನಲ್ಲಿ ಮಕ್ಕಾದ ದೊಡ್ಡ ಮಸೀದಿಯ ಬಳಿ 51.8 ಡಿಗ್ರಿ ದಾಖಲಾಯಿತು. 1,301 ಜನ ತೀರಿಕೊಂಡರೆಂದು ಸೌದಿ ಸರ್ಕಾರವೇ ಹೇಳಿತು. ಅವರಲ್ಲಿ ನೂರಕ್ಕೆ 83 ಮಂದಿ ಪರವಾನಗಿ ಇಲ್ಲದೆ ಹೋಗಿ, ನೆರಳು ನೆಲೆ ಇಲ್ಲದೆ ಬಿಸಿಲಲ್ಲಿ ದೂರ ನಡೆದವರು. ಕಡಿಮೆ ದುಡ್ಡಿಗೆ ಬೇರೆ ವೀಸಾದಲ್ಲಿ ಹಜ್ ಮಾಡಿಸುತ್ತೇನೆ ಎನ್ನುವ ದಲ್ಲಾಳಿ ನಿಮ್ಮ ಊರಿಗೂ ಬಂದಾನು. ಬಾಗಿಲಲ್ಲೇ ಕಳಿಸಿಬಿಡಿ.

ಆದ್ದರಿಂದ ನಾಲ್ಕು ತಿಂಗಳ ಮೊದಲೇ ನಡೆಯಲು ಶುರುಮಾಡಿ. ನಮ್ಮವರು ಅಪ್ಪನ ಕೆರೆಯ ಸುತ್ತ ನಡೆಯುತ್ತಾರೆ, ಬೀದರಿನವರಿಗೆ ಕೋಟೆಯಿದೆ. ನಡೆಯುವಾಗ ಅಲ್ಲಿ ಹಾಕುವ ಹವಾಯಿ ಚಪ್ಪಲಿಯನ್ನೇ ಹಾಕಿ. ಹೊಸ ಚಪ್ಪಲಿ ಮಕ್ಕಾದಲ್ಲಿ ಕಚ್ಚುವುದಕ್ಕಿಂತ ಇಲ್ಲೇ ಕಚ್ಚಿ ಮುಗಿಸಲಿ. ಸಕ್ಕರೆ ಕಾಯಿಲೆಯವರು ರಾತ್ರಿ ಪಾದ ತಿರುಗಿಸಿ ನೋಡಿಕೊಳ್ಳಬೇಕು. ಬೊಕ್ಕೆ ಎದ್ದದ್ದು ಅವರಿಗೆ ನೋವಾಗಿ ತಿಳಿಯುವುದಿಲ್ಲ. ಮೆನಿಂಜೈಟಿಸ್ ಲಸಿಕೆಯನ್ನು ಹೊರಡುವುದಕ್ಕೆ ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು. ಇನ್ನು, ಇಹ್ರಾಮ್‌ನಲ್ಲಿ ಗಂಡಸರು ತಲೆ ಮುಚ್ಚಬಾರದು ಎಂದು ಕೊಡೆಯನ್ನೂ ಬಿಟ್ಟು ಹೋಗುವವರಿದ್ದಾರೆ. ತಲೆಗೆ ತಾಗುವ ಟೋಪಿ, ರುಮಾಲು ಕೂಡದು. ಕೊಡೆ ತಲೆಗೆ ತಾಗುವುದಿಲ್ಲ. ಧಾರಾಳವಾಗಿ ಹಿಡಿಯಿರಿ.

ಮುಜ್ದಲಿಫಾದಲ್ಲಿ ಆರಿಸುವ ಕಲ್ಲಿನ ಅಳತೆಗೆ ನಮ್ಮ ಕಡೆಯವರಿಗೆ ಬೇರೆ ಪಾಠ ಬೇಡ. ತೊಗರಿಗಿಂತ ದೊಡ್ಡದು, ಕಡಲೆಯಷ್ಟು, ಅಷ್ಟೇ ಹೇಳುತ್ತೇನೆ. 10ರಂದು ಒಂದೇ ಜಮರಾಕ್ಕೆ ಏಳು, 11 ಮತ್ತು 12ರಂದು ಮೂರೂ ಕಡೆ ಏಳೇಳು, ಒಟ್ಟು 49. 13ಕ್ಕೂ ನಿಂತರೆ 70. ಕೈತಪ್ಪಿ ಬಿದ್ದುದಕ್ಕೆಂದು ಹತ್ತು ಹೆಚ್ಚು ಇರಲಿ. ಮುದುಕರು, ಹೆಂಗಸರು ಜನ ಕರಗಿದ ಮೇಲೆ ರಾತ್ರಿ ಹೋಗಬಹುದು. ಆದರೆ ನಡೆಯಬಲ್ಲ ಅಮ್ಮನನ್ನು ಡೇರೆಯಲ್ಲಿ ಕೂರಿಸಿ ಮಗ ಅವಳ ಕಲ್ಲನ್ನೂ ಹೊಡೆದು ಬರುವಂತಿಲ್ಲ. ಅದು ನಿಜಕ್ಕೂ ಏಳಲಾಗದವರಿಗೆ ಮಾತ್ರ ಇರುವ ವಿನಾಯಿತಿ.

10ರ ದಿನ ಕ್ರಮ ಮುಖ್ಯ: ಮೊದಲು ಕಲ್ಲು, ಆಮೇಲೆ ಕುರ್ಬಾನಿ, ಆಮೇಲೆ ತಲೆ ಬೋಳಿಸುವುದು. ಈಗ ಕುರ್ಬಾನಿ ಕೂಪನ್ನಿನ ಮೂಲಕ ನಡೆಯುವುದರಿಂದ ನಮ್ಮ ಪ್ರಾಣಿ ಯಾವಾಗ ಆಯಿತೆಂಬುದು ನಮಗೆ ಕಾಣುವುದಿಲ್ಲ. ಕಲ್ಲು ಹೊಡೆದು ಬಂದವರೇ ಕ್ಷೌರಿಕನ ಮುಂದೆ ಕೂತುಬಿಡುತ್ತಾರೆ. ಕುರ್ಬಾನಿ ಆದ ಖಬರು ಬರುವವರೆಗೆ ಕಾಯಿರಿ ಎಂಬುದು ನನ್ನ ಮಾತು. ಕಾಯಲು ಕಷ್ಟವಾದವರಿಗೆ ಸಡಿಲಿಕೆ ಹೇಳುವ ಆಲಿಮರೂ ಇದ್ದಾರೆ. ನಿಮಗೆ ಯಾರಲ್ಲಿ ನಂಬಿಕೆಯೋ ಅವರನ್ನು ಊರಲ್ಲೇ ಕೇಳಿಕೊಂಡು ಹೋಗಿ. ಮಿನಾದ ಡೇರೆಯಲ್ಲಿ ಕೂತು ವಾದ ಮಾಡಬೇಡಿ. ಕುರ್‌ಆನಿನ ಸೂರಾ ಬಕರಾದ 197ನೆಯ ಆಯತ್ ಹಜ್‌ನಲ್ಲಿ ಜಗಳ ಕೂಡದೆಂದು ನೇರವಾಗಿ ಹೇಳುತ್ತದೆ. ಬುತ್ತಿ ಕಟ್ಟಿಕೊಳ್ಳಿ, ಬುತ್ತಿಗಳಲ್ಲೆಲ್ಲ ತಖ್ವಾ (ದೇವಭಯ) ಉತ್ತಮ ಎಂದಿರುವುದೂ ಅದೇ ಆಯತ್‌ನಲ್ಲಿ. ರೊಟ್ಟಿಯ ಗಂಟು ನೋಡಿದಾಗೆಲ್ಲ ನನಗದು ನೆನಪಾಗುತ್ತದೆ.

ಹೆಂಗಸರ ತರಗತಿಯನ್ನು ನನ್ನ ಹೆಂಡತಿ ನಡೆಸುತ್ತಾಳೆ. ಅಲ್ಲಿ ಕಿವಿಯಲ್ಲಿ ಕೇಳುವ ಪ್ರಶ್ನೆ ಒಂದೇ: ಮುಟ್ಟಾದರೆ? ಅವಳು ಮೈಕಿನಲ್ಲೇ ಉತ್ತರ ಹೇಳುತ್ತಾಳೆ. ಮಿನಾ, ಅರಫಾತ್, ಮುಜ್ದಲಿಫಾ, ಕಲ್ಲು ಹೊಡೆಯುವುದು, ದುಆ, ಎಲ್ಲ ಮಾಡಬಹುದು. ತವಾಫ್ ಒಂದನ್ನು ಮಾತ್ರ ಶುದ್ಧಿಯಾಗುವವರೆಗೆ ತಡೆಯಬೇಕು. ಅದಕ್ಕಾಗಿ ತವಾಫೆ ಜಿಯಾರತ್‌ನ ಗಡುವಾದ 12ನೆಯ ತಾರೀಖು ದಾಟಿದರೂ ದಮ್ ಇಲ್ಲ. ವಿದಾಯದ ತವಾಫ್‌ನ ಹೊತ್ತಿಗೆ ಮುಟ್ಟಾದರೆ ಅದು ಮಾಫ್. ಆದರೆ ತವಾಫೆ ಜಿಯಾರತ್ ಮೊದಲ ಸಾಲಿನದು, ಅದನ್ನು ಬಿಟ್ಟು ಊರಿಗೆ ಬರುವಂತಿಲ್ಲ. ಮುಟ್ಟು ಮುಂದೂಡುವ ಮಾತ್ರೆ ಬೇಕೆನ್ನುವವರು ಎರಡು ಮೂರು ತಿಂಗಳ ಮೊದಲೇ ಡಾಕ್ಟರಿಗೆ ತೋರಿಸಬೇಕು. ಪಕ್ಕದ ಮನೆಯಾಕೆ ಕೊಟ್ಟ ಮಾತ್ರೆ ನುಂಗಬಾರದು.

ಕೊನೆಯ ಭಾನುವಾರ ಹಲಗೆಯ ಮೇಲೆ ಏನನ್ನೂ ಬರೆಯುವುದಿಲ್ಲ. ಹೊರಡುವ ಮುನ್ನ ಓಣಿಯೆಲ್ಲ ತಿರುಗಿ 'ಕಹಾ ಸುನಾ ಮಾಫ್' ಎಂದು ಕ್ಷಮೆ ಕೇಳುವ ವಾಡಿಕೆ ನಮ್ಮಲ್ಲಿದೆ. ಲಿಂಗಾಯತರ ಮನೆ, ಮರಾಠರ ಮನೆ ಎನ್ನದೆ ಹೋಗುತ್ತಾರೆ. ಅವರೂ ಹಾರ ಹಾಕಿ, ನಮಗೂ ಬೇಡಿಕೊಂಡು ಬನ್ನಿ ಎನ್ನುತ್ತಾರೆ. ಚೆಂದದ ಪದ್ಧತಿ. ಆದರೆ ಇಲ್ಲಿ ಮಾಫಿ ಸುಲಭವಾಗಿ ಸಿಗುತ್ತದೆ, ಏಕೆಂದರೆ ಆ ಮನೆಗಳಿಗೆ ನಾವು ಕೊಡಬೇಕಾದ್ದು ಏನೂ ಇರುವುದಿಲ್ಲ. ಕೊಡಬೇಕಾದ ಮನೆಯ ಹೊಸ್ತಿಲಿಗೆ ಕಾಲು ಹೋಗುವುದಿಲ್ಲ. ಆಳಿನ ಕೂಲಿ ಬಾಕಿ, ಕೈಗಡ, ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪನ ಹೊಲದಲ್ಲಿ ಅಕ್ಕತಂಗಿಯರ ಪಾಲು. "ಅವಳೇ ಬೇಡ ಎಂದಳು" ಎನ್ನುತ್ತಾರೆ. ಕೊಟ್ಟು ನೋಡಿದಿರಾ, ಬೇಡ ಎನ್ನುತ್ತಾಳೋ ಎಂದು ಕೇಳುತ್ತೇನೆ. ಬಂದೆಗಳ, ಅಂದರೆ ಮನುಷ್ಯರ, ಹಕ್ಕನ್ನು ಬಂದೆಗಳೇ ಬಿಟ್ಟುಕೊಡಬೇಕು, ಹಜ್ ಮಾಡಿದ ಮಾತ್ರಕ್ಕೆ ಅದು ತೀರುವುದಿಲ್ಲ ಎಂದು ಆಲಿಮರು ಹೇಳುತ್ತಾರೆ.

ಒಮ್ಮೆ ಈ ಮಾತನ್ನು ನಡುವಿನ ತರಗತಿಯಲ್ಲೇ ಆಡಿದ್ದೆ. ಯಾದಗಿರಿ ಕಡೆಯ ರೈತರೊಬ್ಬರು ಎದ್ದು ಹೊರಗೆ ಹೋದರು. ಬೇಸರವಾಗಿರಬೇಕು ಎಂದುಕೊಂಡೆ. ಮುಂದಿನ ಭಾನುವಾರವೂ ಬರಲಿಲ್ಲ. ಅದರ ಮುಂದಿನ ವಾರ ಬಂದು, ಹಿಂದಿನ ಸಾಲಿನಲ್ಲಿ ಕೂತು, ತರಗತಿ ಮುಗಿದ ಮೇಲೆ ಹತ್ತಿರ ಬಂದರು. ವಾಟ್ನಿ (ಆಸ್ತಿ ಪಾಲು) ಕಾಗದಕ್ಕೆ ತಹಶೀಲ್ದಾರ್ ಕಚೇರಿಗೆ ಓಡಾಡುತ್ತಿದ್ದೆ, ತಂಗಿಯ ಹೆಸರಿಗೆ ಬರೆಯಬೇಕಿತ್ತು ಎಂದರು. ಆಮೇಲೆ ಚೀಟಿ ಪೆನ್ನು ತೆಗೆದರು. "ಒಂದು ಪಾಠ ತಪ್ಪಿಹೋಯಿತು, ಮಾಸ್ತರ್. ಸಫಾದಿಂದ ಹೋಗಿ ಬಂದರೆ ಒಂದೋ, ಎರಡೋ?"